ಮಳೆ ಹಿಡಿಯಿತು ಅಂದರೆ ಮೊದಲು ಬ್ಯಾಟರಿ ಇಳಿಸಿ

ಗೋಣಿಕೊಪ್ಪದಲ್ಲಿ ಇಪ್ಪತ್ತಾರು ವರ್ಷದಿಂದ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಮೊದಲೆಲ್ಲ ಜೀಪಿನ ಡೈನಮೋ, ಸೆಲ್ಫ್ ಮೋಟಾರು, ಪಿಕಪ್‌ಗಳ ವೈರಿಂಗ್, ಇಷ್ಟೇ ಇತ್ತು. ಈಗ ಕೆಲವು ವರ್ಷದಿಂದ ಡ್ರೋನ್ ಬ್ಯಾಟರಿಗಳೂ ಬರುತ್ತಿವೆ. ಔಷಧಿ ಹೊಡೆಯುವ ದೊಡ್ಡವು, ಮದುವೆ ವಿಡಿಯೋ ಮಾಡುವವರ ಸಣ್ಣವು, ಹೋಮ್‌ಸ್ಟೇಯವರದು. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ ಕೇಳಿವೆ. ಚಾರ್ಜ್ ಮಾಡುವುದು ಎಲ್ಲರಿಗೂ ಗೊತ್ತು, ತುಂಬಿದ ಚಾರ್ಜನ್ನು ಇಳಿಸುವುದು ಹೇಗೆ? ಜುಲೈ ತಿಂಗಳಿಗೆ ಸರಿಯಾದ ಪ್ರಶ್ನೆ.

ಪ್ರಶ್ನೆ: ನಮ್ಮದು ಶ್ರೀಮಂಗಲದ ಹತ್ತಿರ ಆರು ಎಕರೆ ಗದ್ದೆ. ಮಗ ಹತ್ತು ಲೀಟರಿನ ಡ್ರೋನ್ ತಂದಿದ್ದಾನೆ. ಬ್ಯಾಟರಿ ನಾಲ್ಕು, 6ಎಸ್ ಅಂದರೆ ಆರು ಸೆಲ್ಲಿನವು, 22000 ಎಂಎಎಚ್. ನಾಲ್ಕನ್ನೂ ಫುಲ್ ಚಾರ್ಜ್ ಮಾಡಿದ ಮಾರನೇ ದಿನವೇ ಮಳೆ ಹಿಡಿಯಿತು. ಹದಿನೆಂಟು ದಿನ ಆಯಿತು, ಹಾರಿಸಿಲ್ಲ. ಕರೆಂಟ್ ಬಂದರೆ ಬಂತು. ಥಂಡಿ ತಾಗಬಾರದು ಅಂತ ಬ್ಯಾಟರಿಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಈಗ ಒಂದು ಉಬ್ಬಿದೆ. ಉಪ್ಪುನೀರಿನ ಬಕೆಟ್ಟಿಗೆ ಹಾಕಿದರೆ ಸಾಕು ಅನ್ನುತ್ತಾರೆ. ಹಾಕಲಾ?

ಅಕ್ಕ, ಹಾಕಬೇಡಿ. ಅದಕ್ಕಿಂತ ಮೊದಲು ಅಟ್ಟದಿಂದ ನಾಲ್ಕನ್ನೂ ಇಳಿಸಿ. ಇವತ್ತೇ. ಒಲೆ ಮೇಲಿನ ಅಟ್ಟ ಮೆಣಸಿಗೆ, ಸೌದೆಗೆ, ಒಣಗದ ಬಟ್ಟೆಗೆ ಒಳ್ಳೆಯದು. ಫುಲ್ ಚಾರ್ಜ್ ಆದ ಲಿಥಿಯಂ ಬ್ಯಾಟರಿಗೆ ಅದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ತುಂಬಿದ ಬ್ಯಾಟರಿ ತಾನಾಗಿಯೇ ಒಳಗೊಳಗೆ ಕೆಡುತ್ತಿರುತ್ತದೆ. ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತದೆ. ಬಿಸಿ ಸಿಕ್ಕರೆ ಅದು ಇನ್ನೂ ಜೋರಾಗುತ್ತದೆ. ನಿಮ್ಮ ಬ್ಯಾಟರಿ ಉಬ್ಬಿದ್ದು ಅದೇ ಗ್ಯಾಸಿನಿಂದ.

ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಸುಮ್ನೆ ಇಡುವಾಗ 3.8 ರಿಂದ 3.85 ಇರಬೇಕು. ನಿಮ್ಮದು ಆರು ಸೆಲ್ಲಿನದು, ಅಂದರೆ ತುಂಬಿದಾಗ 25.2 ವೋಲ್ಟ್, ಇಡುವಾಗ ಸುಮಾರು 23. ಎರಡು ಮೂರು ದಿನ ತುಂಬಿಕೊಂಡು ಇದ್ದರೆ ಪರವಾಗಿಲ್ಲ. ಹದಿನೆಂಟು ದಿನ ಜಾಸ್ತಿ ಆಯಿತು. ಬಯಲುಸೀಮೆಯವರು ಇವತ್ತು ಆಗದಿದ್ದರೆ ನಾಳೆ ಹಾರಿಸುತ್ತಾರೆ. ನಮ್ಮಲ್ಲಿ ಆ ನಾಳೆ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಹಾಗಾಗಿ ಕೊಡಗಿನಲ್ಲಿ ಡ್ರೋನ್ ಇಟ್ಟುಕೊಂಡವರು ಚಾರ್ಜ್ ಮಾಡುವುದಕ್ಕಿಂತ ಮೊದಲು ಇಳಿಸುವುದನ್ನು ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಮುಂದೆ ಎರಡು ಬೇರೆ ಬೇರೆ ಕೆಲಸ ಇವೆ. ಉಬ್ಬದ ಮೂರು ಬ್ಯಾಟರಿಗಳನ್ನು ಅರ್ಧಕ್ಕೆ ಇಳಿಸಬೇಕು. ಉಬ್ಬಿದ್ದನ್ನು ಪೂರ್ತಿ ಖಾಲಿ ಮಾಡಬೇಕು. ಜನ ಎರಡಕ್ಕೂ ಡಿಸ್ಚಾರ್ಜ್ ಅನ್ನುತ್ತಾರೆ, ಅದರಿಂದಲೇ ಗೊಂದಲ ಆಗುವುದು. ಒಳ್ಳೆಯ ಬ್ಯಾಟರಿಯನ್ನು ಖಾಲಿ ಮಾಡಿದರೆ ಅದು ಸತ್ತೇ ಹೋಗುತ್ತದೆ. ಕೆಟ್ಟದ್ದನ್ನು ಅರ್ಧಕ್ಕೆ ನಿಲ್ಲಿಸಿ ಬಿಸಾಡಿದರೆ ಇನ್ನೊಬ್ಬರ ಕೈ ಸುಡುತ್ತದೆ.

ಮೊದಲು ಒಳ್ಳೆಯ ಮೂರರ ವಿಷಯ. ಮಳೆ ಒಂದರ್ಧ ಗಂಟೆ ಬಿಟ್ಟರೆ ಟ್ಯಾಂಕಿಗೆ ಬರೀ ನೀರು ತುಂಬಿಸಿ, ಅಂಗಳದ ಮೇಲೆ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ ಹಾರಿಸಲಿ. ಕೆಲವೇ ನಿಮಿಷದಲ್ಲಿ ಅರ್ಧ ಇಳಿಯುತ್ತದೆ. ಇದಕ್ಕಿಂತ ಸುಲಭದ ದಾರಿ ಇಲ್ಲ. ಮಳೆ ಬಿಡದಿದ್ದರೆ ಬಲ್ಬ್ ಹಚ್ಚಬೇಕು.

ಹಳೇ ಜೀಪಿನ ಹೆಡ್‌ಲೈಟ್ ಬಲ್ಬ್ ಎರಡು ಸಾಕು. 12 ವೋಲ್ಟಿನವು, 60/55 ವ್ಯಾಟ್, ಎರಡೂ ಒಂದೇ ತರದವು. ಎಲ್‌ಇಡಿ ಬೇಡ, ತಂತಿ ಇರುವ ಬಲ್ಬೇ ಬೇಕು. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ. ಅಂದರೆ ಬ್ಯಾಟರಿಯ ಪ್ಲಸ್‌ನಿಂದ ಮೊದಲ ಬಲ್ಬಿಗೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೈನಸ್‌ಗೆ. ಆಗ ಒಂದೊಂದು ಬಲ್ಬಿಗೆ 12.6 ವೋಲ್ಟ್ ಸಿಗುತ್ತದೆ. ಜೀಪಿನಲ್ಲಿ ಸಿಗುವುದೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ. ವೈರು ದಪ್ಪ ಇರಲಿ. ನಿಮ್ಮ ಬ್ಯಾಟರಿಗೆ ಹೊಂದುವ ಕನೆಕ್ಟರನ್ನೇ ಬೆಸುಗೆ ಹಾಕಿಸಿ, ಬರಿ ವೈರು ಸಿಕ್ಕಿಸಬೇಡಿ. ಮಧ್ಯದಲ್ಲಿ ಒಂದು ಸ್ವಿಚ್ ಮತ್ತು ಒಂದು 10 ಆಂಪ್ಸಿನ ಫ್ಯೂಸ್ ಇರಲಿ. ತಣ್ಣಗಿರುವ ಬಲ್ಬ್ ಮೊದಲ ಕ್ಷಣಕ್ಕೆ ತುಂಬಾ ಕರೆಂಟ್ ಎಳೆಯುತ್ತದೆ. ಸ್ವಿಚ್ ಇಲ್ಲದಿದ್ದರೆ ಕನೆಕ್ಟರ್ ಚುಚ್ಚುವಾಗ ಕಿಡಿ ಹಾರಿ ಪಿನ್ ಕರಕಲಾಗುತ್ತದೆ.

ಈಗ ಮುಖ್ಯವಾದದ್ದು. ಬಲ್ಬಿನ ಬೆಳಕು ನೋಡಿ ಎಷ್ಟು ಇಳಿಯಿತು ಅಂತ ಅಂದಾಜು ಮಾಡಬೇಡಿ. 25.2 ರಿಂದ 23ಕ್ಕೆ ಬಂದರೂ ಬಲ್ಬ್ ಹಾಗೇ ಉರಿಯುತ್ತಿರುವ ಹಾಗೆ ಕಾಣುತ್ತದೆ. ಬ್ಯಾಟರಿಗೆ ಸಣ್ಣ ಬಿಳಿ ಪ್ಲಗ್ ಇರುತ್ತದೆ ನೋಡಿ, ಬ್ಯಾಲೆನ್ಸ್ ಪ್ಲಗ್. ಅದಕ್ಕೆ ಸಿಕ್ಕಿಸುವ ಬಜರ್ ಸಿಗುತ್ತದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ತೋರಿಸುತ್ತದೆ. ಅದನ್ನು 3.8ಕ್ಕೆ ಇಟ್ಟುಬಿಡಿ. ಯಾವುದೇ ಸೆಲ್ 3.8 ಮುಟ್ಟಿದ ತಕ್ಷಣ ಪಕ್ಕದ ಮನೆಗೂ ಕೇಳುವ ಹಾಗೆ ಕಿರುಚುತ್ತದೆ. ಆಗ ಬಲ್ಬ್ ತೆಗೆಯಿರಿ. ಬಜರನ್ನೂ ತೆಗೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಬಜರ್ ಅಲ್ಲೇ ಇದ್ದರೆ ದಿನಗಟ್ಟಲೆ ಸೆಲ್ಲಿನಿಂದ ಹೀರುತ್ತಲೇ ಇರುತ್ತದೆ.

ನಿಮ್ಮ 22000 ಎಂಎಎಚ್ ಬ್ಯಾಟರಿ ಅರ್ಧಕ್ಕೆ ಇಳಿಯಲು ಎರಡೂವರೆ ಗಂಟೆ ಬೇಕು. ಈ ಬಲ್ಬುಗಳು ನಾಲ್ಕೂವರೆ ಆಂಪ್ಸ್ ಎಳೆಯುತ್ತವೆ, ಇಳಿಯಬೇಕಾದದ್ದು 22 ಆಂಪಿಯರ್ ಅವರ್‌ನಲ್ಲಿ ಅರ್ಧ, ಅಂದರೆ ಹನ್ನೊಂದು. ಅಷ್ಟು ಹೊತ್ತೂ ಒಬ್ಬರು ಅಲ್ಲಿ ಕೂತಿರಬೇಕು. ಬಲ್ಬುಗಳನ್ನು ಸಿಮೆಂಟ್ ನೆಲದ ಮೇಲೆ ಇಟ್ಟಿಗೆ ಇಟ್ಟು ಅದರ ಮೇಲೆ ಇಡಿ. ಆ ಗಾಜು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿರುತ್ತದೆ. ಬ್ಯಾಟರಿ ಬಲ್ಬಿನಿಂದ ಒಂದು ಮಾರು ದೂರ ಇರಲಿ. ಜಾಗ ಯಾವುದು? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ ಆಗಬಹುದು, ಜೀಪನ್ನು ಹೊರಗೆ ನಿಲ್ಲಿಸಿ ಅದರ ಶೆಡ್ ಆಗಬಹುದು. ಕೊಟ್ಟಿಗೆ ಬೇಡ, ಅಲ್ಲಿ ಹುಲ್ಲಿದೆ. ಕಾಫಿ ಮೂಟೆ ಇರುವ ಗೋಡೌನ್ ಬೇಡವೇ ಬೇಡ.

ಇನ್ನು ಆ ಉಬ್ಬಿದ್ದು. ತಣ್ಣಗಿರುವಾಗ ಮೇಜಿನ ಮೇಲೆ ಇಟ್ಟು ಮೂಲೆ ಒತ್ತಿ ನೋಡಿ. ಪೂರಿಯ ಹಾಗೆ ಉಬ್ಬಿ ಅಲ್ಲಾಡಿದರೆ ಅದರ ಕಾಲ ಮುಗಿಯಿತು. ಹಾರಿಸಬೇಡಿ, ಚಾರ್ಜಿಗೆ ಹಾಕಬೇಡಿ, ಚುಚ್ಚಿ ಗ್ಯಾಸ್ ಬಿಡಬೇಡಿ. ಅದನ್ನು ಖಾಲಿ ಮಾಡಲು ಹೆಡ್‌ಲೈಟ್ ಬಲ್ಬ್ ಬೇಡ, ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಎರಡು ಸೀರೀಸ್‌ನಲ್ಲಿ ಹಾಕಿ. ಯಾಕೆ ಸಣ್ಣದು ಅಂದರೆ, ಆರು ಸೆಲ್ಲಿನಲ್ಲಿ ಒಂದು ಸೋತಿರುತ್ತದೆ. ಅದು ಮೊದಲು ಖಾಲಿಯಾಗುತ್ತದೆ. ಉಳಿದ ಐದು ಸೆಲ್ ಅದರ ಮೂಲಕವೇ ಕರೆಂಟ್ ತಳ್ಳುತ್ತವೆ, ಆಗ ಅದರ ಪ್ಲಸ್ ಮೈನಸ್ ಉಲ್ಟಾ ಆಗಿ ಕಾಯುತ್ತದೆ. ನಿಧಾನಕ್ಕೆ ಎಳೆದರೆ ಕಾಯುವುದು ಕಮ್ಮಿ. ಇದಕ್ಕೆ ಹದಿಮೂರು ಹದಿನಾಲ್ಕು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಆರಕ್ಕೇ ಹಚ್ಚಿ. ಮನೆಯಿಂದ ದೂರ, ಮೇಲೆ ಶೀಟ್ ಇದ್ದು ಸುತ್ತ ತೆರೆದ ಜಾಗ, ಕೆಳಗೆ ಒಣ ಮರಳು. ಮಕ್ಕಳು, ನಾಯಿ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ.

ದಿನವೆಲ್ಲ ಬಲ್ಬ್ ಉರಿಯುತ್ತದೆ. ಕೊನೆ ಹೊತ್ತಿಗೆ ಹಳದಿಯಾಗುತ್ತದೆ. ಆಮೇಲೆ ಬೇಗ ಬೇಗ ಇಳಿದು, ಗಾಜಿನ ಒಳಗೆ ಕೆಂಪು ನೂಲಿನ ಹಾಗೆ ತಂತಿ ಮಾತ್ರ ಕಾಣುತ್ತದೆ. ಅದೂ ಆರುತ್ತದೆ. ಆಗ ತೆಗೆಯಬೇಡಿ. ಬಲ್ಬ್ ತೆಗೆದರೆ ವೋಲ್ಟೇಜ್ ಮತ್ತೆ ಮೇಲೆ ಬರುತ್ತದೆ. ಮಾರನೇ ದಿನದವರೆಗೂ ಹಾಗೇ ಬಿಟ್ಟು, ಆಮೇಲೆ ಬಲ್ಬ್ ತೆಗೆದು ಒಂದು ಗಂಟೆ ಕಳೆದು ಮೀಟರ್ ಇಟ್ಟು ನೋಡಿ. ಇನ್ನೂ ಒಂದೆರಡು ವೋಲ್ಟ್ ಕಂಡರೆ ಮತ್ತೆ ಹಾಕಿ. ಸೊನ್ನೆಯ ಹತ್ತಿರ ನಿಂತ ಮೇಲೆ ಕನೆಕ್ಟರಿಗೆ ಟೇಪ್ ಸುತ್ತಿ ಎತ್ತಿಡಿ.

ಬ್ಯಾಟರಿ ಹರಿದು ಒದ್ದೆಯಾಗಿದ್ದರೆ, ಉಗುರಿನ ಬಣ್ಣ ತೆಗೆಯುವ ದ್ರಾವಣದ ತರ ಸಿಹಿ ವಾಸನೆ ಬರುತ್ತಿದ್ದರೆ, ಅಥವಾ ಮುಟ್ಟಿದರೆ ಬಿಸಿ ಇದ್ದರೆ ಇದ್ಯಾವುದನ್ನೂ ಮಾಡಬೇಡಿ. ಅದಕ್ಕೆ ಏನನ್ನೂ ಜೋಡಿಸಬೇಡಿ. ಬಿಸಿ ಏರುತ್ತಿದ್ದರೆ, ಹಿಸ್ ಅಂತ ಸದ್ದು ಬಂದರೆ ಮುಟ್ಟಲೂ ಹೋಗಬೇಡಿ, ಎಲ್ಲರೂ ದೂರ ಸರಿಯಿರಿ. ತಣ್ಣಗಿದ್ದರೆ ಮಾತ್ರ ಸಲಿಕೆಯಲ್ಲಿ ಎತ್ತಿ, ಬಯಲಲ್ಲಿ ಮರಳು ತುಂಬಿದ ಕಬ್ಬಿಣದ ಬಾಂಡ್ಲಿಗೆ ಹಾಕಿ ದೂರ ಬನ್ನಿ.

ಇನ್ನು ಉಪ್ಪುನೀರು. ಇದನ್ನು ನಾನೂ ನಂಬಿದ್ದೆ. ಮೂರು ವರ್ಷದ ಹಿಂದೆ, ಜೋರು ಮಳೆಯ ಕಕ್ಕಡ ತಿಂಗಳು. ಫೋಟೋಗ್ರಾಫರ್ ಹುಡುಗನೊಬ್ಬ ಉಬ್ಬಿದ 4ಎಸ್ ಬ್ಯಾಟರಿ ತಂದುಕೊಟ್ಟ. ಅಂಗಡಿ ಹಿಂದೆ ಬಕೆಟ್ಟಿನಲ್ಲಿ ಕಲ್ಲುಪ್ಪು ಕರಗಿಸಿ ಮುಳುಗಿಸಿದೆ. ಗುಳ್ಳೆ ಬಂತು, ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯಿತು. ಮೂರನೇ ದಿನ ಗುಳ್ಳೆ ನಿಂತಿತ್ತು. ನೀರು ಹಸಿರು ತಿರುಗಿ ತಳದಲ್ಲಿ ಕೆಸರು ಕೂತಿತ್ತು. ಕನೆಕ್ಟರಿಗೆ ಮೀಟರ್ ಇಟ್ಟೆ, ಸೊನ್ನೆ. ಗುಜರಿ ಆರಿಸುವ ಹುಡುಗ ಬಂದಿದ್ದ, ಅವನ ಚೀಲಕ್ಕೆ ಹಾಕುವುದು ಅಂತ ಇದ್ದೆ. ಹಾಕುವ ಮೊದಲು ವೈರು ಬೇಕಿತ್ತು, ಎರಡನ್ನೂ ಸೇರಿಸಿ ಕಟ್ಟರ್ ಒತ್ತಿದೆ.

ಪಟ್ ಅಂತ ನೀಲಿ ಬೆಳಕು. ಕಣ್ಣು ಕತ್ತಲೆ ಬಂತು. ಕಟ್ಟರಿನ ಬಾಯಲ್ಲಿ ಅರ್ಧಚಂದ್ರದ ಹಾಗೆ ಕಬ್ಬಿಣ ಕರಗಿ ಹೋಗಿತ್ತು. ಆಮೇಲೆ ಕನೆಕ್ಟರ್ ಬಿಚ್ಚಿ ನೋಡಿದೆ. ಪ್ಲಸ್ ಪಿನ್ನನ್ನು ಉಪ್ಪುನೀರು ತಿಂದು ಹಾಕಿತ್ತು, ಹಸಿರು ಪುಡಿ ಮಾತ್ರ ಉಳಿದಿತ್ತು. ಕರೆಂಟ್ ಹೊರಗೆ ಬರುವ ದಾರಿಯೇ ಮುಚ್ಚಿಹೋಗಿತ್ತು, ಅದಕ್ಕೇ ಮೀಟರ್ ಸೊನ್ನೆ ತೋರಿಸಿದ್ದು. ವೈರಿನ ಬುಡಕ್ಕೆ ಮೀಟರ್ ಇಟ್ಟರೆ 14.9 ವೋಲ್ಟ್. ಒಳಗೆ ಇನ್ನೂ ಬೇಕಾದಷ್ಟು ಚಾರ್ಜ್ ಇತ್ತು. ಕೊಟ್ಟಿದ್ದರೆ ಆ ಗುಜರಿ ಹುಡುಗ ಅದನ್ನು ಮನೆಗೆ ಒಯ್ದು ತಾಮ್ರಕ್ಕಾಗಿ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ಅವನ ಮನೆಯಲ್ಲಿ ಇನ್ನಿಬ್ಬರು ಸಣ್ಣ ಮಕ್ಕಳಿದ್ದಾರೆ. ಆ ಕಟ್ಟರನ್ನು ಅಂಗಡಿ ಗೋಡೆಗೆ ನೇತುಹಾಕಿದ್ದೇನೆ. ಉಪ್ಪುನೀರು ಅಂದವರಿಗೆಲ್ಲ ಅದನ್ನೇ ತೋರಿಸುವುದು.

ಪ್ರಶ್ನೆ: ಚಾರ್ಜರಿನಲ್ಲೇ ಸ್ಟೋರೇಜ್ ಅನ್ನುವ ಬಟನ್ ಇದೆಯಲ್ಲ. ಬಲ್ಬಿನ ತಾಪತ್ರಯ ಯಾಕೆ? – ಶನಿವಾರಸಂತೆ

ಸಣ್ಣ ಬ್ಯಾಟರಿಗೆ ಅದೇ ಒಳ್ಳೆಯದು. ತಾನೇ 3.8ಕ್ಕೆ ತಂದು ನಿಲ್ಲಿಸುತ್ತದೆ. ಆದರೆ ಸಾಮಾನ್ಯ ಚಾರ್ಜರುಗಳು ಇಳಿಸುವಾಗ ಐದರಿಂದ ಹತ್ತು ವ್ಯಾಟ್ ಮಾತ್ರ ಎಳೆಯುತ್ತವೆ. 22000 ಎಂಎಎಚ್‌ನ 6ಎಸ್ ಬ್ಯಾಟರಿಯಲ್ಲಿ ಸುಮಾರು 490 ವ್ಯಾಟ್ ಅವರ್ ಇರುತ್ತದೆ. ಅದರ ಅರ್ಧ ಇಳಿಸಲು ಹತ್ತು ವ್ಯಾಟಿನಲ್ಲಿ ಒಂದು ದಿನ ಪೂರ್ತಿ ಬೇಕು. ಜೊತೆಗೆ ಚಾರ್ಜರಿಗೇ ಕರೆಂಟ್ ಬೇಕು. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಐದು ದಿನ ಕರೆಂಟಿಲ್ಲ ಅನ್ನುವ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಬಲ್ಬಿಗೆ ಏನೂ ಬೇಡ.

ಇದೇ ಪತ್ರದಲ್ಲಿ ಮನೆಯ 230 ವೋಲ್ಟಿನ ಹಳೇ ನೂರು ವ್ಯಾಟ್ ಬಲ್ಬ್ ಆಗುತ್ತದಾ ಅಂತಲೂ ಕೇಳಿದ್ದಾರೆ. ಆಗುವುದಿಲ್ಲ. 25 ವೋಲ್ಟಿಗೆ ಅದು ಕಾಲು ಆಂಪ್ಸ್ ಕೂಡ ಎಳೆಯುವುದಿಲ್ಲ, ದಿನಗಟ್ಟಲೆ ಕಾಯಬೇಕು. ನಿಮ್ಮದು 3ಎಸ್ ಆದರೆ 12 ವೋಲ್ಟಿನ ಬಲ್ಬ್ ಒಂದು ಸಾಕು. 4ಎಸ್‌ಗೆ ಎರಡು ಸೀರೀಸ್‌ನಲ್ಲಿ. ಒಂದೇ ಹಾಕಿದರೆ ಸುಟ್ಟುಹೋಗುತ್ತದೆ. 12ಎಸ್‌ಗೆ ನಾಲ್ಕು.

ಪ್ರಶ್ನೆ: ಒಂದು ವರ್ಷ ಮೂಲೆಯಲ್ಲಿದ್ದ ಬ್ಯಾಟರಿ. ಸೆಲ್‌ಗಳು 1 ವೋಲ್ಟಿನ ಹತ್ತಿರ ಇವೆ. ಚಾರ್ಜರನ್ನು ನಿಕ್ಕಲ್ ಬ್ಯಾಟರಿ ಮೋಡ್‌ಗೆ ಹಾಕಿ ಎಬ್ಬಿಸಬಹುದು ಅನ್ನುತ್ತಾರೆ. – ನಾಪೋಕ್ಲು

ಏಳಬಹುದು. ಎಬ್ಬಿಸಬೇಡಿ. ಸೆಲ್ಲಿನ ಒಳಗೆ ತಾಮ್ರದ ತೆಳು ಹಾಳೆ ಇರುತ್ತದೆ. ವೋಲ್ಟೇಜ್ ಅಷ್ಟು ಕೆಳಗೆ ಹೋದಾಗ ಆ ತಾಮ್ರ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದು ಬೇಡದ ಜಾಗದಲ್ಲಿ ಮುಳ್ಳು ಮುಳ್ಳಾಗಿ ಕೂರುತ್ತದೆ, ಒಳಗೇ ಶಾರ್ಟ್ ಆಗುತ್ತದೆ. ಅದು ಇವತ್ತೇ ಆಗಬೇಕು ಅಂತ ಇಲ್ಲ, ಹತ್ತನೇ ಚಾರ್ಜಿಗೂ ಆಗಬಹುದು, ರಾತ್ರಿ ಎರಡು ಗಂಟೆಗೂ ಆಗಬಹುದು. ಉಳಿದಿರುವ ಆ ಒಂದು ವೋಲ್ಟನ್ನೂ ಬಲ್ಬಿನಲ್ಲಿ ಇಳಿಸಿ, ಮಾರಿದವರಿಗೇ ವಾಪಸ್ ಕೊಟ್ಟುಬಿಡಿ. ಇನ್ನು ಮುಂದೆ ಹಾರಿಸುವಾಗ ಡ್ರೋನ್ ನೆಲಕ್ಕೆ ಇಳಿದ ಮೇಲೆ ಸೆಲ್ 3.5ಕ್ಕಿಂತ ಕಮ್ಮಿ ಆಗದ ಹಾಗೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಮೀಟರ್ ಇಡಿ.

ಪ್ರಶ್ನೆ: ತೋಟಕ್ಕೆ ಆನೆ ಬಂದಿದೆಯಾ ಅಂತ ನೋಡಲು ಕ್ಯಾಮೆರಾ ಡ್ರೋನ್ ಇಟ್ಟಿದ್ದೇವೆ. ಮೂರು ಬ್ಯಾಟರಿಯೂ ಯಾವಾಗಲೂ ಫುಲ್ ಇರಬೇಕು. ಆನೆ ಬಂದಾಗ ಚಾರ್ಜಿಗೆ ಹಾಕಿ ಕೂರೋಕಾಗುತ್ತಾ? ಒಂದು ಬ್ಯಾಟರಿ ಆಫ್ ಇದ್ದರೂ ಬೆಚ್ಚಗಿರುತ್ತದೆ. – ಸಿದ್ದಾಪುರ

ನಿಮ್ಮ ಕಷ್ಟ ಅರ್ಥ ಆಗುತ್ತದೆ. ಬೆಳಗ್ಗೆ ಆಳುಗಳು ತೋಟಕ್ಕೆ ಇಳಿಯುವ ಮೊದಲು ನೋಡಲೇಬೇಕು. ಆದರೆ ಮೂರೂ ಫುಲ್ ಇರಬೇಕಾಗಿಲ್ಲ. ಒಂದು ಫುಲ್ ಇರಲಿ, ಎರಡು ಅರ್ಧದಲ್ಲಿ ಇರಲಿ. ಫುಲ್ ಇರುವುದನ್ನು ಮೂರು ದಿನಕ್ಕೊಮ್ಮೆ ಹಾರಿಸಿ ಇಳಿಸಿ, ಮುಂದಿನದನ್ನು ತುಂಬಿಸಿ. ಸರದಿ ತಪ್ಪದಿರಲು ಬ್ಯಾಟರಿ ಮೇಲೆ ಟೇಪ್ ಅಂಟಿಸಿ 1, 2, 3 ಅಂತ ಬರೆಯಿರಿ.

ಬೆಚ್ಚಗಾಗುವುದು ಹೆಚ್ಚಾಗಿ ಒಳ್ಳೆಯ ಲಕ್ಷಣವೇ. ಇಂಥ ಬ್ಯಾಟರಿಗಳಲ್ಲಿ ಹೆಚ್ಚಿನವಕ್ಕೆ ಒಳಗೇ ಸರ್ಕ್ಯೂಟ್ ಇದೆ. ಕೆಲವು ದಿನ ಮುಟ್ಟದಿದ್ದರೆ ತಾನಾಗಿಯೇ ಇಳಿಸಿಕೊಳ್ಳುತ್ತದೆ, ಆ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡಬಾರದು. ಆದರೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ ಇದ್ದರೆ, ಅಥವಾ ಒಂದೇ ಬದಿ ಬಿಸಿ ಇದ್ದರೆ ಹೊರಗೆ ಇಡಿ, ಮತ್ತೆ ಬಳಸಬೇಡಿ. ಇವಕ್ಕೆ ಬಲ್ಬ್ ಕಟ್ಟಲು ಹೋಗಬೇಡಿ, ಒಳಗಿನ ಸರ್ಕ್ಯೂಟ್ ಬಿಡುವುದಿಲ್ಲ. ಡ್ರೋನ್ ಆನ್ ಮಾಡಿ ಹಾರಿಸಿಯೇ ಇಳಿಸಿ.

ಕೇಳದಿದ್ದರೂ ಒಂದು ಮಾತು. ಆನೆಯ ತಲೆ ಮೇಲೆ ಹಾರಿಸಬೇಡಿ. ಅದು ಗಾಬರಿಯಾಗಿ ಆಳುಗಳಿರುವ ಲೈನ್ ಮನೆ ಕಡೆ ನುಗ್ಗಿದರೆ ಏನು ಗತಿ? ದೂರದಿಂದ ಕಂಡರೆ ಸಾಕಲ್ಲ.

ಪ್ರಶ್ನೆ: ಲಿಥಿಯಂ ಬೆಂಕಿಗೆ ನೀರು ಹಾಕಬಾರದಂತೆ, ನಿಜವಾ? – ಪೊನ್ನಂಪೇಟೆ

ಬರೀ ಲಿಥಿಯಂ ಲೋಹಕ್ಕೆ ಅದು ನಿಜ. ಡ್ರೋನ್ ಬ್ಯಾಟರಿಯಲ್ಲಿ ಅಂಥ ಲೋಹದ ಗಟ್ಟಿ ಇರುವುದಿಲ್ಲ. ಇಲ್ಲಿ ಬೆಂಕಿ ನಿಲ್ಲಬೇಕಾದರೆ ಬ್ಯಾಟರಿ ತಣ್ಣಗಾಗಬೇಕು, ಇಲ್ಲದಿದ್ದರೆ ಒಂದು ಸೆಲ್ಲಿನಿಂದ ಇನ್ನೊಂದು ಸೆಲ್ ಹತ್ತಿಕೊಳ್ಳುತ್ತಾ ಹೋಗುತ್ತದೆ. ತಣ್ಣಗೆ ಮಾಡಲು ನೀರೇ ಬೇಕು. ಒಂದು ಚೊಂಬು ಸಾಲದು, ಪೈಪಿನಲ್ಲಿ ದೂರದಿಂದ ಬಿಡುತ್ತಲೇ ಇರಬೇಕು. ಮರಳು ಕಿಡಿ ಹಾರದ ಹಾಗೆ ತಡೆಯುತ್ತದೆ, ತಣ್ಣಗೆ ಮಾಡುವುದಿಲ್ಲ. ಹೊಗೆ ಕುಡಿಯಬೇಡಿ. ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷ ಇರುತ್ತದೆ, ಶ್ವಾಸಕೋಶ ಸುಡುತ್ತದೆ. ಗಾಳಿ ಬರುವ ಕಡೆ ನಿಲ್ಲಿ, 112ಕ್ಕೆ ಫೋನ್ ಮಾಡಿ. ಮನೆ ಒಳಗೆ ಹತ್ತಿಕೊಂಡರೆ ಸಾಮಾನು ಉಳಿಸಲು ಹೋಗಬೇಡಿ, ಜನರನ್ನು ಹೊರಗೆ ಕರೆದುಕೊಂಡು ಬನ್ನಿ.

ಪ್ರಶ್ನೆ: ಖಾಲಿ ಮಾಡಿದ ಬ್ಯಾಟರಿಯನ್ನು ತೋಟದ ಗುಂಡಿಯಲ್ಲಿ ಹೂತರೆ ಆಗುತ್ತದಾ? – ಕುಶಾಲನಗರ

ಇಲ್ಲ. ಆ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿನ ತೋಡಿಗೆ, ಅಲ್ಲಿಂದ ಹೊಳೆಗೆ. ಎಲ್ಲ ಕೊನೆಗೆ ಕಾವೇರಿಗೇ ಸೇರುವುದು. ದೇಶದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮ 2022ರಿಂದ ಇದೆ. ಬ್ಯಾಟರಿ ತಯಾರಿಸುವವರು ಮತ್ತು ಹೊರದೇಶದಿಂದ ತರಿಸುವವರು ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸಬೇಕು. ಹೂಳುವುದಕ್ಕೂ ಸುಡುವುದಕ್ಕೂ ಅವಕಾಶ ಇಲ್ಲ. ನಮ್ಮ ಜವಾಬ್ದಾರಿ ಅದನ್ನು ಮನೆ ಕಸದ ಜೊತೆ ಸೇರಿಸದೆ ಬೇರೆ ಇಟ್ಟು ತಲುಪಿಸುವುದು. ಹಾಗಾಗಿ ಮೊದಲು ಮಾರಿದವರನ್ನೇ ಕೇಳಿ. ಬಿಲ್ ಇದ್ದರೆ ತೋರಿಸಿ. ಹೊಸದು ಕೊಳ್ಳುವಾಗ ಹಳೆಯದು ತೆಗೆದುಕೊಳ್ಳುತ್ತೀರಾ ಅಂತ ಕೇಳಿಯೇ ದುಡ್ಡು ಕೊಡಿ.

ಕೊಡುವವರೆಗೂ ಹಳೇ ಕಬ್ಬಿಣದ ಟ್ರಂಕಿನಲ್ಲಿ ಇಡಿ. ಒಳಗೆ ಇಟ್ಟಿಗೆ ಹಾಸಿ, ಮುಚ್ಚಳ ಮುಚ್ಚಿ, ಆದರೆ ಚಿಲಕ ಹಾಕಬೇಡಿ. ಗ್ಯಾಸ್ ಬಂದರೆ ಹೊರಗೆ ಹೋಗಲು ದಾರಿ ಬೇಕು. ಟ್ರಂಕ್ ಜಗುಲಿಯ ಕೊನೆಯಲ್ಲಿ ಇರಲಿ, ಮಲಗುವ ಕೋಣೆಯಲ್ಲಿ ಬೇಡ.

ಗೋಣಿಕೊಪ್ಪ ಕಡೆ ಬರುವವರು ನನ್ನ ಅಂಗಡಿಗೂ ತರಬಹುದು. ಇಳಿಸಿ ಕೊಡುತ್ತೇನೆ, ದುಡ್ಡು ಬೇಡ. ಬಸ್ಸಿನಲ್ಲಿ ಪಾರ್ಸೆಲ್ ಮಾತ್ರ ಹಾಕಬೇಡಿ. ಹೋದ ತಿಂಗಳು ಒಬ್ಬರು ಹಾಗೇ ಕಳಿಸಿದ್ದರು, ಟೇಪ್ ಸುತ್ತಿರದ ಬ್ಯಾಟರಿ, ಮೇಲೆ ಒಂದು ಮೂಟೆ ಶುಂಠಿ ಇತ್ತು. ಉಬ್ಬದೇ ತಣ್ಣಗಿರುವುದಾದರೆ ಕನೆಕ್ಟರಿಗೆ ಟೇಪ್ ಸುತ್ತಿ, ನಿಮ್ಮದೇ ಗಾಡಿಯಲ್ಲಿ ತನ್ನಿ. ಉಬ್ಬಿದ್ದರೆ ಅಲ್ಲೇ ಬಿಟ್ಟು ಮೊದಲು ಒಂದು ಮಾತು ಹೇಳಿ, ಬಲ್ಬ್ ಹಿಡಿದುಕೊಂಡು ನಾನೇ ಬರುತ್ತೇನೆ.